ಒಗ್ಗದ ಮರಿಗಳ ಲೆಕ್ಕ

ಸುತ್ತಲಿನ ಕುರಿದೊಡ್ಡಿಗಳಲ್ಲೆಲ್ಲ ಅವಳನ್ನು ಜೋಡಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಓಟಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮರಿ ಸತ್ತ ತಾಯಿಗೂ ತಾಯಿ ಸತ್ತ ಮರಿಗೂ ಜೋಡಿ ಹಾಕುವುದು ಅವಳ ವಿದ್ಯೆ. ಕುರಿ ಸಾಧು ಅನ್ನುತ್ತಾರಲ್ಲ, ಅದೆಲ್ಲ ದೊಡ್ಡಿಯೊಳಗೆ ಕಾಲಿಡದವರ ಮಾತು. ತಾನು ಹೆತ್ತ ಮರಿಯ ವಾಸನೆ ಇಲ್ಲದ ಇನ್ನೊಂದು ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಗುದ್ದಿ ಗೋಡೆಗೆ ಎಸೆಯುತ್ತದೆ. ಅಂಥ ಕುರಿಯನ್ನು ಜೋಡಮ್ಮ ಒಂದು ಹಗಲಿನಲ್ಲಿ ಒಲಿಸುತ್ತಿದ್ದಳು. ಸತ್ತ ಮರಿಯ ಚರ್ಮವನ್ನು ಅಂಗಿ ಕಳಚಿದ ಹಾಗೆ ಬಿಡಿಸಿ, ತಬ್ಬಲಿ ಮರಿಗೆ ತೊಡಿಸಿ, ತಾಯಿಯ ಮೂಗಿನ ಮುಂದೆ ನಿಲ್ಲಿಸುವಳು. ತಾಯಿ ಮೂಸುತ್ತದೆ, ಅನುಮಾನ ಪಡುತ್ತದೆ, ಮತ್ತೆ ಮೂಸುತ್ತದೆ, ಆಮೇಲೆ ಗಂಟಲಿನಲ್ಲೇ ಸಣ್ಣಗೆ ಕರೆದು ಹಾಲಿಗೆ ಬಿಡುತ್ತದೆ. ಕಸುಬಿನವರು ಇದಕ್ಕೆ ಒಗ್ಗಿಸುವುದು ಎನ್ನುತ್ತಾರೆ.

"ಜೋಡಮ್ಮನ ಕೈಯಲ್ಲಿ ಒಗ್ಗದ ಮರಿಯೇ ಇಲ್ಲ" ಎಂದು ನಲವತ್ತು ವರ್ಷದಿಂದ ಜನ ಹೇಳುತ್ತ ಬಂದಿದ್ದರು. ಅವಳೂ ಅಲ್ಲ ಎನ್ನಲಿಲ್ಲ. ಯಾರು ತಾನೇ ಅಂದಾರು? ಹೊಗಳಿಕೆ ಹೊಟ್ಟೆ ತುಂಬಿಸದಿದ್ದರೂ ಬೆನ್ನು ನೆಟ್ಟಗೆ ಮಾಡುತ್ತದೆ. ಗಂಡ ಹೋದ ಮೇಲೆ ನೂರಿಪ್ಪತ್ತು ಕುರಿ ಸಾಕಿ, ಒಬ್ಬ ಮಗನನ್ನು ಬೆಳೆಸಿ, ಸೊಸೆ ತಂದವಳಿಗೆ ಅಷ್ಟಾದರೂ ಬೇಡವೇ?

ಈ ಸಲ ಕುರಿಗಳು ಈಯಲು ಇನ್ನೂ ಮೂರು ವಾರ ಇದ್ದಾಗ ಒಂದು ಚೊಚ್ಚಲು ಕುರಿ ಕಂದು ಹಾಕಿತು. ದಿನ ತುಂಬದ ಮರಿ, ಮೈಮೇಲೆ ಉಣ್ಣೆ ಬಂದಿತ್ತು, ಜೀವ ಇರಲಿಲ್ಲ. "ಯಾವುದೋ ಟಗರು ಗುದ್ದಿರಬೇಕು" ಅಂದಳು ಜೋಡಮ್ಮ. ಎರಡು ದಿನಕ್ಕೆ ಇನ್ನೊಂದು ಹಾಕಿತು. ವಾರ ಮುಗಿಯುವಷ್ಟರಲ್ಲಿ ನಾಲ್ಕು.

"ಇಷ್ಟು ಗುದ್ದೋ ಟಗರು ನಮ್ಮಲ್ಲಿ ಇಲ್ವಲ್ಲ ಅತ್ತೆ!" ಎಂದು ಸೊಸೆ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು. ಬಾಯಿ ಜೋರು ಅವಳದು. ಆದರೆ ಅವಳು ಅಂಗಳ ದಾಟಿ ಬರುವ ಹಾಗಿರಲಿಲ್ಲ. ಆರು ತಿಂಗಳ ಬಸಿರಿ. ಹೋದ ವರ್ಷ ಇದೇ ಕಾಲದಲ್ಲಿ, ಐದನೇ ತಿಂಗಳಿನಲ್ಲಿ, ಒಂದು ಹೋಗಿತ್ತು. ಆದ್ದರಿಂದ ಈ ಸಲ ಭಾರ ಎತ್ತಬೇಡ, ದೊಡ್ಡಿ ಕೆಲಸ ಬೇಡ ಎಂದು ಆಸ್ಪತ್ರೆಯವರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಮಗ ಉಣ್ಣೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವನು, ಬೆಳಗ್ಗೆ ಹೋದರೆ ಸಂಜೆಗೆ ಬರುವವನು.

ಕುರಿ ಡಾಕ್ಟರಮ್ಮ ಬಂದು, ಸತ್ತ ಕಂದನ್ನೂ ಮಾಸನ್ನೂ ಪರೀಕ್ಷೆಗೆ ಒಯ್ದು, ಮೂರನೇ ದಿನ ತಿರುಗಿ ಬಂದರು. ಬಂದವರು ದೊಡ್ಡಿಯ ಬಾಗಿಲಲ್ಲಿ ಬಕೆಟ್ಟಿಗೆ ಔಷಧ ಸುರಿದು, ಬೂಟು ತೊಳೆದುಕೊಂಡೇ ಒಳಗೆ ಕಾಲಿಟ್ಟರು. ಜೋಡಮ್ಮನಿಗೆ ಅದು ಅವಮಾನ ಅನ್ನಿಸಿತು. ತನ್ನ ದೊಡ್ಡಿಗೆ ಬರುವುದಕ್ಕೆ ಕಾಲು ತೊಳೆಯಬೇಕೇ!

"ಅಮ್ಮಾ, ಇದು ಟಗರು ಗುದ್ದಿದ್ದಲ್ಲ. ಕಂದು ಹಾಕಿಸೋ ಅಂಟುರೋಗ. ಹೋದ ವರ್ಷ ಹೊರಗಿಂದ ಕುರಿ ತಂದಿದ್ರಾ?"

"ನಾಲ್ಕು ತಂದಿದ್ದೆ. ಯಾರೋ ದೊಡ್ಡಿ ಮುಚ್ತಾ ಇದ್ರು. ಒಳ್ಳೇ ಜಾತಿ."

"ಬಂದ ಮೇಲೆ ಸ್ವಲ್ಪ ದಿನ ಬೇರೆ ಇಟ್ಟಿದ್ರಾ?"

"ಬೇರೆ ಯಾಕೆ ಇಡಬೇಕು? ಅವೇನು ನೆಂಟರಾ?"

ಡಾಕ್ಟರಮ್ಮ ನಗಲಿಲ್ಲ. "ಹೋದ ವರ್ಷ ಎಷ್ಟು ಕಂದು ಹಾಕಿದ್ವು?"

"ಒಂದು ಏಳೆಂಟು. ಅದರಿಂದೇನು? ಕೆಚ್ಚಲು ತುಂಬಾ ಹಾಲಿತ್ತು. ತಬ್ಬಲಿ ಮರಿ ಒಗ್ಗಿಸಿದೆ. ಒಂದು ತೊಟ್ಟು ಹಾಲು ನೆಲಕ್ಕೆ ಬೀಳೋಕೆ ಬಿಡಲಿಲ್ಲ."

"ಹೆಣ್ಣುಮರಿಗಳನ್ನಾ?"

"ಆರು ಹೆಣ್ಣು, ಒಂದು ಗಂಡು."

ಡಾಕ್ಟರಮ್ಮ ಪೆನ್ನು ಮುಚ್ಚಿ ಕೆಳಗಿಟ್ಟರು. ಕಂದು ಹಾಕಿದ ತಾಯಿಯ ಮಗ್ಗುಲಲ್ಲಿ ಬೆಳೆದ ಹೆಣ್ಣುಮರಿಗೆ ರೋಗ ಅಂಟುತ್ತದೆ, ಆದರೆ ವರ್ಷಪೂರ್ತಿ ಒಳಗೇ ಮಲಗಿರುತ್ತದೆ, ಮರಿ ಮೇಯುತ್ತದೆ, ಕುಣಿಯುತ್ತದೆ, ದುಂಡಗೆ ಬೆಳೆಯುತ್ತದೆ, ತಾನೇ ಮೊದಲ ಸಲ ಗಬ್ಬವಾಗಿ ಇನ್ನೇನು ಈಯಬೇಕು ಅನ್ನುವಾಗ ರೋಗ ಏಳುತ್ತದೆ ಎಂದು ಬಿಡಿಸಿ ಹೇಳಿದರು. ಆಮೇಲೆ, "ಈ ವಾರ ಹಾಕಿದ ನಾಲ್ಕು ಯಾವುವು, ನೆನಪಿದೆಯಾ?" ಅಂದರು.

ಜೋಡಮ್ಮನಿಗೆ ಕುರಿಗಳ ಮುಖ ಮರೆಯುವುದುಂಟೇ? ನಾಲ್ಕೂ ಅವಳು ಚರ್ಮ ತೊಡಿಸಿ ಒಗ್ಗಿಸಿದವೇ. ಒಂದೊಂದನ್ನೇ ಬೆರಳು ಮಾಡಿ ತೋರಿಸಿದಳು.

ಪಟ್ಟಿ ಆಯಿತು. ಒಗ್ಗಿಸಿದ ಆರು ಹೆಣ್ಣುಗಳ ಕಿವಿಯ ನಂಬರು ಬರೆದುಕೊಂಡು, ಬೆನ್ನಿಗೆ ಕೆಂಪು ಬಳಿದು, ಬೇರೆ ಕೋಣೆಗೆ ಹಾಕಿಸಿದರು. ಕಂದು, ಮಾಸು ಬಿದ್ದ ಹುಲ್ಲೆಲ್ಲ ಸುಡಬೇಕು ಅಥವಾ ಸುಣ್ಣ ಹಾಕಿ ಆಳಕ್ಕೆ ಹೂಳಬೇಕು, ನಾಯಿಗೆ ಸಿಗಕೂಡದು. ಟಗರನ್ನು ಯಾರಿಗೂ ಎರವಲು ಕೊಡುವಂತಿಲ್ಲ, ತರುವಂತಿಲ್ಲ. ಮಂದೆಗೆ ಇಟ್ಟುಕೊಳ್ಳುವ ಹೆಣ್ಣುಮರಿಗಳನ್ನು ಇನ್ನು ಮೇಲೆ ಶುದ್ಧ ತಾಯಂದಿರಿಂದಲೇ ಆರಿಸಿ, ಟಗರು ಬಿಡುವ ಮೊದಲು ಲಸಿಕೆ ಹಾಕಿಸಬೇಕು. "ಬೇರೆಯವರ ದೊಡ್ಡಿಗೂ ಹೋಗಿ ಒಗ್ಗಿಸ್ತೀರಂತಲ್ಲ. ಇದೇ ಬೂಟು ಹಾಕ್ಕೊಂಡಾ?" ಅಂದಾಗ ಜೋಡಮ್ಮ ತನ್ನ ಬೂಟು ನೋಡಿಕೊಂಡಳು. "ಸರಿ. ಅವರಿಗೆಲ್ಲ ನಾನೇ ಫೋನು ಮಾಡಿ ಹೇಳ್ತೀನಿ, ನೀವು ಒಗ್ಗಿಸಿಕೊಟ್ಟ ಹೆಣ್ಣುಗಳನ್ನ ಬೇರೆ ಕಟ್ಟಲಿ."

ಕೊನೆಗೆ ಅಡುಗೆಮನೆ ಕಡೆ ನೋಡಿ ಡಾಕ್ಟರಮ್ಮನ ಮುಖ ಬದಲಾಯಿತು. "ನಿಮ್ಮ ಸೊಸೆ ಬಸಿರೀನಾ? ಅಮ್ಮಾ, ಈ ರೋಗ ಬಸಿರಿ ಹೆಂಗಸಿಗೆ ಹತ್ತಿದರೆ ಮಗು ಹೋಗುತ್ತೆ. ತಾಯಿಯನ್ನೂ ಬಿಡೋದಿಲ್ಲ ಕೆಲವು ಸಲ. ನಿಮ್ಮ ಬಟ್ಟೆ, ನಿಮ್ಮ ಬೂಟು, ನಿಮ್ಮ ಕೈ, ಯಾವುದೂ ಅವಳ ಹತ್ತಿರ ಹೋಗಬಾರದು."

ಜೋಡಮ್ಮ ಮೆಲ್ಲಗೆ ಕೇಳಿದಳು. "ಹೋದ ವರ್ಷ ಅವಳಿಗೆ ಹೋಯ್ತಲ್ಲ ಡಾಕ್ಟರಮ್ಮ. ನಾನು ಚರ್ಮ ತೊಡಿಸುವಾಗ ಮರಿ ಹಿಡ್ಕೊಂಡಿದ್ದು ಅವಳೇ. ಬಟ್ಟೆ ಒಗೆದಿದ್ದೂ ಅವಳೇ."

"ಈಗ ಹೇಳೋಕಾಗಲ್ಲ ಅಮ್ಮ. ಇದ್ದರೂ ಇರಬಹುದು, ಇಲ್ಲದೇನೂ ಇರಬಹುದು."

ಇಲ್ಲ ಎಂದಿದ್ದರೆ ನಿದ್ದೆ ಬರುತ್ತಿತ್ತು. ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದಳು. ಎರಡೂ ಅಲ್ಲದ ಆ ಮಾತನ್ನು ಎಲ್ಲಿಡುವುದು?

ಹೊರಡುವ ಮೊದಲು ಡಾಕ್ಟರಮ್ಮ ಅಡುಗೆಮನೆ ಬಾಗಿಲಿಗೆ ಕಟ್ಟಿದ್ದ ಒಂಟಿ ಕುರಿಯನ್ನು ತೋರಿಸಿ, "ಅದು?" ಅಂದರು. ಕಿಟಕಿಯಲ್ಲಿದ್ದ ಸೊಸೆಯೇ ಉತ್ತರ ಕೊಟ್ಟಳು. "ಅದು ಬಾಟ್ಲಿ. ಹೋದ ವರ್ಷ ತಬ್ಬಲಿಯಾಗಿತ್ತು, ನಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ದೊಡ್ಡಿ ಕುರಿಗಳ ಸಹವಾಸಾನೇ ಇಲ್ಲ ಅದಕ್ಕೆ. ಟಗರಿನ ಜೊತೆ ಮಾತ್ರ ಒಂದು ವಾರ ಇತ್ತು, ಅಷ್ಟು ಸಹವಾಸ ಸಾಕಾಯ್ತು, ನೋಡಿ ಹೊಟ್ಟೆ!" ಡಾಕ್ಟರಮ್ಮ ಈಗ ನಕ್ಕರು. ಯಾವ ತಾಯಿಯ ಹಾಲೂ ಕುಡಿಯದ ಕುರಿಯಲ್ಲವೇ, ಪಟ್ಟಿಗೆ ಸೇರಲಿಲ್ಲ. ಜೋಡಮ್ಮ ಅಲ್ಲೇ ನಿಂತಿದ್ದಳು.

ಅಂದೇ ಅಂಗಳದ ನಡುವೆ ಸುಣ್ಣದ ಗೆರೆ ಬಿತ್ತು. ಆಚೆ ಮನೆ, ಈಚೆ ದೊಡ್ಡಿ. ಜೋಡಮ್ಮ ಹಿಂಡಿ ಮೂಟೆ ಇಡುವ ಕೋಣೆಗೆ ಮಂಚ ಹಾಕಿಸಿಕೊಂಡಳು. ಎರಡು ಮೊಳ ಅಗಲದ ಜಾಗ, ತಲೆ ಎತ್ತಿದರೆ ತಗಡು ತಾಗುತ್ತಿತ್ತು. ಮಗ ಬೆಳಗ್ಗೆ ಊಟದ ಡಬ್ಬಿ ತಂದು ಗೆರೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಅಮ್ಮಾ, ತಗೋ" ಅನ್ನುವನು. ಹೆತ್ತ ಮಗ! ಅವನೂ ದೊಡ್ಡಿಯೊಳಗೆ ಕಾಲಿಡುವಂತಿಲ್ಲ, ಸಂಜೆ ಹೆಂಡತಿಯ ಬಳಿ ಹೋಗುವವನು ತಾನೇ. ಹೀಗಾಗಿ ಗೆರೆಯ ಈಚೆ ನೂರಿಪ್ಪತ್ತು ಕುರಿಗೆ ಅವಳೊಬ್ಬಳೇ.

ಸೊಸೆಗೂ ಬಿಡುಗಡೆ ಇರಲಿಲ್ಲ. ಮನೆಗೆ ಒಂದೇ ಬಾಗಿಲು, ಅದು ಅಂಗಳಕ್ಕೇ ತೆರೆಯುವುದು, ಕಿಟಕಿಗೆ ಕಬ್ಬಿಣದ ಸರಳು.

"ಜೈಲಿನಲ್ಲಾದರೂ ವಾರಕ್ಕೊಮ್ಮೆ ನೋಡೋಕೆ ಜನ ಬರ್ತಾರೆ ಅತ್ತೆ."

"ನೀನು ಆ ಕೋಣೆಯ ಕೈದಿ, ನಾನು ಈ ಕೋಣೆಯ ಕೈದಿ. ಯಾರು ಯಾರನ್ನ ನೋಡೋಕೆ ಬರೋದು? ಸುಮ್ನೆ ಉಂಡು ಮಲಕ್ಕೋ."

"ನನಗೆ ಬಾಟ್ಲಿ ಇದೆ. ನಿಮಗೆ ಯಾರಿದ್ದಾರೆ?"

ನಿಜವೇ. ಮೊದಲೆಲ್ಲ ದಿನಕ್ಕೆ ನಾಲ್ಕು ಮನೆಯಿಂದ ಕರೆ ಬರುತ್ತಿತ್ತು, ಈಗ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಕೆಂಪು ಬಳಿದ ಉಳಿದೆರಡೂ ಕಂದು ಹಾಕಿದವು. ಗುಂಡಿ ತೋಡುವುದು, ಸುಣ್ಣ ಸುರಿಯುವುದು, ಹುಲ್ಲು ಸುಡುವುದು, ಕೈ ತೊಳೆಯುವುದು, ಮತ್ತೆ ತೊಳೆಯುವುದು. ಎಲ್ಲಕ್ಕಿಂತ ಹಿಂಸೆ ಬೇರೆಯೇ. ಒಂದು ಕೋಣೆಯಲ್ಲಿ ಮರಿ ಕಳೆದುಕೊಂಡ ತಾಯಿ ಅರಚುವುದು, ಇನ್ನೊಂದರಲ್ಲಿ ತಬ್ಬಲಿ ಮರಿ ಅರಚುವುದು. ಅವಳ ಕೈಗೆ ಒಂದು ಹಗಲಿನ ಕೆಲಸ. ಮಾಡುವಂತಿಲ್ಲ. ಕಿವಿಗೆ ಬಟ್ಟೆ ತುರುಕಿಕೊಂಡು ಮರಿಗೆ ಬಾಟಲಿ ಹಿಡಿಯುತ್ತಿದ್ದಳು. ಒಂದು ದಿನ ಅಲ್ಲೇ ಹುಲ್ಲಿನ ಮೇಲೆ ಕೂತು, ದೇವರಾಣೆ, ಮಗುವಿನ ಹಾಗೆ ಅತ್ತಳು. ದಿನಕ್ಕೆ ಹತ್ತು ಸಲ ಕಿಟಕಿ ಕಡೆ ಕೂಗುವಳು. "ಜ್ವರ ಇಲ್ಲ ತಾನೇ? ಮಗು ಒದೀತಾ?"

"ಒದೀತು ಅತ್ತೆ, ನಿಮ್ಮ ಮೊಮ್ಮಗು ಟಗರಿನ ಜಾತಿ" ಎಂದು ಆಚೆಯಿಂದ ಉತ್ತರ ಬಂದರೆ ಮುಂದಿನ ಗಂಟೆ ಸಾಗುತ್ತಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ ನೀರಿನ ತೊಟ್ಟಿ ಉಜ್ಜುತ್ತಿದ್ದವಳು ತಲೆ ಎತ್ತಿ ನೋಡಿದಳು. ಮನೆಯ ಮೆಟ್ಟಿಲ ಬಳಿ ಬಾಟ್ಲಿ ನೆಲ ಕೆರೆಯುತ್ತಿತ್ತು. ಮಲಗಿತು, ಎದ್ದಿತು, ಮತ್ತೆ ಮಲಗಿತು. ಟಗರಿಗೆ ಬಿಟ್ಟ ದಿನ ಅವಳಿಗೆ ನೆನಪಿತ್ತು. ಬೆರಳು ಮಡಿಸಿ ಎಣಿಸಿದಳು. ಇನ್ನೂ ಹದಿನೆಂಟು ದಿನ ಇರಬೇಕಿತ್ತು.

ಆಗ ನೆನಪಾಯಿತು.

ಹೋದ ವರ್ಷ ಎಂಟನೆಯದಾಗಿ ಕಂದು ಹಾಕಿದ ಕುರಿಗೆ ಅವಳು ಈ ಮರಿಯನ್ನೇ ಒಗ್ಗಿಸಲು ಹೋಗಿದ್ದಳು. ಚರ್ಮ ತೊಡಿಸಿ ಮೂರು ದಿನ ಅದರ ಜೊತೆಯಲ್ಲೇ ಕೂಡಿಹಾಕಿದ್ದಳು. ತಾಯಿ ಒಪ್ಪಲಿಲ್ಲ, ಮರಿಯ ಪಕ್ಕೆ ಮುರಿಯುವಷ್ಟು ಗುದ್ದಿತು. ನಾಲ್ಕನೇ ದಿನ ಚರ್ಮ ಬಿಚ್ಚಿ ಹೂತು, ಮರಿಯನ್ನು ಒರೆಸಿ, "ಇದಕ್ಕೆ ತಾಯಿ ಸಿಗಲಿಲ್ಲ, ನೀನೇ ಸಾಕ್ಕೋ" ಎಂದು ಸೊಸೆಯ ಮಡಿಲಿಗೆ ಹಾಕಿದ್ದಳು. ಯಾರಿಗೂ ಹೇಳಿರಲಿಲ್ಲ. ಒಗ್ಗದ್ದನ್ನು ಅವಳು ಎಂದೂ ಹೇಳಿದವಳಲ್ಲ, ಎಣಿಸಿದವಳೂ ಅಲ್ಲ. ನಲವತ್ತು ವರ್ಷ ಹಾಗೆ ಲೆಕ್ಕದಿಂದ ಹೊರಗಿಟ್ಟು, ಡಾಕ್ಟರಮ್ಮ ಪಟ್ಟಿ ಕೇಳಿದಾಗ ಅವಳಿಗೇ ಅದು ಮನಸ್ಸಿಗೆ ಬಂದಿರಲಿಲ್ಲ.

ಬಾಗಿಲು ತೆರೆದು ಸೊಸೆ ಹೊರಗೆ ಬಂದಳು. ಹೊಟ್ಟೆ ಹಿಡಿದುಕೊಂಡು, ಮೆಟ್ಟಿಲ ಮೇಲೆ ಒಂದು ಕೈ ಊರಿ, ಕುರಿಯ ಹಿಂದೆ ಮಂಡಿ ಊರಿದಳು.

"ಮುಟ್ಟಬೇಡ!"

ಸೊಸೆ ತಿರುಗಿ ನೋಡಿದಳು. "ಏನತ್ತೆ?"

"ಮುಟ್ಟಬೇಡ ಕಣೇ! ಏಳು! ಒಳಗೆ ಹೋಗು!"

"ಕಾಲು ಕಾಣಿಸ್ತಿದೆ ಅತ್ತೆ, ಎಳೀದಿದ್ರೆ ಮರಿ ಸತ್ತುಹೋಗುತ್ತೆ..."

"ಸತ್ತೇಹೋಗಿದೆ ಅದು! ಬಾಟ್ಲಿಗೂ ರೋಗ ಇದೆ!" ಜೋಡಮ್ಮ ಗೆರೆಯವರೆಗೆ ಓಡಿ ಬಂದು ನಿಂತಳು. ದಾಟುವಂತಿರಲಿಲ್ಲ, ಮೊಣಕೈವರೆಗೆ ದೊಡ್ಡಿಯ ಕೊಳೆ. "ನಾನು ಅದನ್ನ ಕಂದು ಹಾಕಿದ ಕುರಿಗೆ ಒಗ್ಗಿಸೋಕೆ ಹೋಗಿದ್ದೆ ಕಣೇ. ಮೂರು ದಿನ. ಒಗ್ಗಲಿಲ್ಲ. ನನ್ನ ಕೈಲಿ ಆಗಲಿಲ್ಲ. ನಿನಗೆ ಸುಳ್ಳು ಹೇಳಿದೆ. ಏಳು ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ಏಳು!"

ಸೊಸೆ ಎದ್ದಳು. ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಅದೇ ಕ್ಷಣ ಬಾಟ್ಲಿ ಮೆಟ್ಟಿಲ ಮೇಲೇ ಕಂದು ಹಾಕಿತು.

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಫೋನನ್ನು ಬಿಚ್ಚಿ ಜೋಡಮ್ಮ ಡಾಕ್ಟರಮ್ಮನಿಗೆ ಕರೆ ಮಾಡಿದಳು. ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. ಜೋಡಮ್ಮ ಅದನ್ನೇ ಕಿಟಕಿಗೆ ಕೂಗಿದಳು.

"ಮುಟ್ಟಿದೆಯೇನೇ?"

ಗಾಜು ಮುಚ್ಚಿದ ಕಿಟಕಿಯ ಹಿಂದಿನಿಂದ ಸಣ್ಣ ದನಿ ಬಂತು. "ಈಗ ಮುಟ್ಟಲಿಲ್ಲ. ಆದರೆ ನಿನ್ನೆಯಿಂದ ಹಿಂದೆಲ್ಲಾ ಒದ್ದೆಯಾಗಿತ್ತು. ಈಯೋಕೆ ಬಂತು ಅಂದ್ಕೊಂಡು ಒರೆಸಿದೆ. ಬರೀ ಕೈಯಲ್ಲೇ ಅತ್ತೆ."

ಡಾಕ್ಟರಮ್ಮನ ಮಾತು ಚುಟುಕಾಗಿತ್ತು. ಆಸ್ಪತ್ರೆಗೆ ತಾನೇ ತಿಳಿಸುವುದು, ಮಗ ಈಗಲೇ ಗಾಡಿ ತರುವುದು, ಅಷ್ಟರಲ್ಲಿ ಜೋಡಮ್ಮ ಬಾಗಿಲಲ್ಲಿ ಬಿದ್ದದ್ದನ್ನು ಎತ್ತಿ, ಮೆಟ್ಟಿಲಿಗೆಲ್ಲ ಔಷಧದ ನೀರು ಸುರಿದು, ಅರ್ಧ ಗಂಟೆ ಹಾಗೇ ಬಿಡುವುದು. ಅಲ್ಲಿಯವರೆಗೆ ಸೊಸೆ ಹೊರಗೆ ಕಾಲಿಡಕೂಡದು.

ಹನ್ನೆರಡು ದಿನದ ಮೇಲೆ ಜೋಡಮ್ಮ ಗೆರೆ ದಾಟಿದಳು. ಕಂದನ್ನು ಚೀಲಕ್ಕೆ ಹಾಕಿದಳು, ಅರಚುವ ಬಾಟ್ಲಿಯನ್ನು ದೊಡ್ಡಿಗೆ ಎಳೆದು ಕಟ್ಟಿದಳು, ಮೆಟ್ಟಿಲು ತೊಳೆದಳು. ಆಮೇಲೆ ಕಿಟಕಿಯಿಂದ ಹತ್ತು ಹೆಜ್ಜೆ ದೂರ ನಿಂತು ಕಾದಳು. ಆ ಅರ್ಧ ಗಂಟೆ ಇದೆಯಲ್ಲ, ಅದನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಒಳಗಿರುವವಳು ಹೊರಗೆ ಬರುವಂತಿಲ್ಲ, ಹೊರಗಿರುವವಳು ಒಳಗೆ ಹೋಗುವಂತಿಲ್ಲ, ನಡುವೆ ಒದ್ದೆ ಮೆಟ್ಟಿಲು.

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ಒಗ್ಗಲಿಲ್ಲವಲ್ಲ, ಅದಕ್ಕೇ ಹೇಳಲಿಲ್ಲ."

"ಒಗ್ಗದಿದ್ರೆ ನಾನೇನು ನಿಮಗೆ ಬೈತಿದ್ನಾ?"

ಅವಳು ರೇಗಿದ್ದರೆ, ಶಾಪ ಹಾಕಿದ್ದರೆ ತಡೆಯಬಹುದಿತ್ತು. ಗಾಡಿ ಬಂತು. ಸೊಸೆ ಗೋಡೆಯ ಪಕ್ಕವೇ ಸರಿದು, ಅತ್ತೆಯ ಕಡೆ ನೋಡದೆ, ಎರಡೂ ಕೈಯನ್ನು ಹೊಟ್ಟೆಗೆ ತಾಗದಂತೆ ದೂರ ಹಿಡಿದುಕೊಂಡು ಹತ್ತಿದಳು.

ಸಂಜೆಗೆ ಮುಂಚೆ ಮಗನ ಫೋನು ಬಂತು.

"ಸೂಜಿ ಕೊಟ್ರು ಅಮ್ಮ, ಮಾತ್ರೆ ಶುರು ಮಾಡಿದ್ರು. ಮಗೂದು ಎದೆ ಬಡ್ಕೋತಿದೆ, ನನಗೂ ಕೇಳಿಸಿದ್ರು. ಮೂರು ವಾರ ಇಲ್ಲೇ ಇರಬೇಕಂತೆ. ಅಲ್ಲೀವರೆಗೂ ಏನೂ ಹೇಳೋಕಾಗಲ್ಲ ಅಂದ್ರು."

"ನನಗೆ ಬೈದಳೇನೋ?"

"ಇಲ್ಲಮ್ಮ. ಒಂದು ಮಾತು ಹೇಳು ಅಂದ್ಲು. ಗೊತ್ತಾದ ದಿನವೇ ಬಂದಿದ್ದಕ್ಕೆ ಮಗು ಇನ್ನೂ ಇದೆ, ಜ್ವರ ಬರೋವರೆಗೂ ಕಾದಿದ್ರೆ ಕೈ ಮೀರ್ತಿತ್ತು ಅಂತ ಡಾಕ್ಟರು ಹೇಳಿದ್ರಂತೆ. ಅದನ್ನ ಅತ್ತೆಗೆ ಹೇಳು ಅಂದ್ಲು."

ಫೋನು ಇಟ್ಟ ಮೇಲೆ ಜೋಡಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಬಡಿದುಕೊಳ್ಳುತ್ತಿದೆ ಅನ್ನುವ ಒಂದು ಮಾತನ್ನು ಹಿಡಿದುಕೊಂಡು ಮೂರು ವಾರ ಕಳೆಯಬೇಕು. ಆದರೆ ಸೊಸೆ ಹೇಳಿ ಕಳಿಸಿದ ಇನ್ನೊಂದು ಮಾತು ಅವಳನ್ನು ಕೂರಲು ಬಿಡಲಿಲ್ಲ. ಗೊತ್ತಾದ ದಿನವೇ. ಡಾಕ್ಟರಮ್ಮ ಎಲ್ಲ ದೊಡ್ಡಿಗೂ ತಿಳಿಸಿದ್ದು ಒಗ್ಗಿದ ಮರಿಗಳ ವಿಷಯ. ಒಗ್ಗದವನ್ನು ಬಲ್ಲವಳು ಅವಳೊಬ್ಬಳೇ. ಹೋದ ವರ್ಷ ಬೇರೆಯವರ ದೊಡ್ಡಿಗಳಲ್ಲಿ ಅಂಥವು ನಾಲ್ಕಿದ್ದವು. ನಾಲ್ಕನ್ನೂ "ತಾಯಿಗೆ ಹಾಲಿಲ್ಲ" ಎಂದೋ "ಇನ್ನೊಂದು ದಿನ ನೋಡೋಣ" ಎಂದೋ ಹೇಳಿ ಜಾರಿಕೊಂಡಿದ್ದಳು. ಅವೂ ಬಾಟಲಿ ಹಾಲು ಕುಡಿದು, ಮುದ್ದಿನಿಂದ ಬೆಳೆದು, ಮನೆಯ ಬಾಗಿಲಲ್ಲೇ ಇರುತ್ತವೆ. ಒಗ್ಗದ ಮರಿ ಇನ್ನೆಲ್ಲಿ ಬೆಳೆಯುತ್ತದೆ?

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ನಲವತ್ತು ವರ್ಷದ ಹೆಸರು ಒಂದು ಸಂಜೆಯಲ್ಲಿ ಮಣ್ಣುಪಾಲು. ಫೋನು ಎತ್ತಿದಳು, ಇಟ್ಟಳು. ಮತ್ತೆ ಎತ್ತಿದಳು.

ಮೊದಲನೆಯವನು ನಂಬಲೇ ಇಲ್ಲ. "ನೀವು ಸೋತಿದ್ದಾ ಜೋಡಮ್ಮಾ? ಸುಮ್ನಿರಿ, ತಮಾಷೆ ಮಾಡಬೇಡಿ" ಎಂದು ನಕ್ಕ. ನಗು ನಿಂತ ಮೇಲೆ ಕುರಿಯನ್ನು ಬೇರೆ ಕಟ್ಟಿದ. ಎರಡನೆಯವನ ಕುರಿ ಬೇಸಿಗೆಯಲ್ಲೇ ಸತ್ತಿತ್ತು. ಮೂರನೆಯವನು ಬಾಯಿಗೆ ಬಂದಂತೆ ಬೈದ, ಮನೆಮನೆಗೆ ಮಾರಿ ಹಂಚಿದವಳು ಅಂದ. ಜೋಡಮ್ಮ ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ.

ನಾಲ್ಕನೆಯ ಮನೆ ಹೊಲದಾಚೆಯದು. ಅಕ್ಕ ತಂಗಿ ಇಬ್ಬರೇ ದೊಡ್ಡಿ ನಡೆಸುತ್ತಿದ್ದರು. ಅಕ್ಕ ಫೋನು ತೆಗೆದಳು.

"ಹೇಳಿ ಜೋಡಮ್ಮ, ಡಾಕ್ಟರಮ್ಮ ಎಲ್ಲಾ ಹೇಳಿದ್ರು. ನೀವು ಒಗ್ಗಿಸಿದ ಎರಡನ್ನೂ ಬೇರೆ ಕಟ್ಟಿದೀವಿ. ತಂಗಿಗೆ ಏಳು ತಿಂಗಳಲ್ವಾ, ಅವಳನ್ನ ದೊಡ್ಡಿ ಕಡೆ ಬಿಟ್ಟೇ ಇಲ್ಲ."

"ಇನ್ನೊಂದಿತ್ತಲ್ಲ. ಕಪ್ಪು ಕಿವೀದು."

"ಅದು ನೀವು ಒಗ್ಗಿಸಿದ್ದಲ್ಲವಲ್ಲ. ಬಾಟಲಿ ಹಾಲಿನದು, ಮನೆಯೊಳಗೇ ಇರುತ್ತೆ."

"ಒಗ್ಗಿಸೋಕೆ ನೋಡಿದ್ದೆ ಕಣೇ. ಕಂದು ಹಾಕಿದ ಕುರಿ ಜೊತೆ ಎರಡು ದಿನ ಕೂಡಿಹಾಕಿದ್ದೆ. ಒಗ್ಗಲಿಲ್ಲ. ಹಾಲಿಲ್ಲ ಅಂತ ನಿಮಗೆ ಸುಳ್ಳು ಹೇಳಿ ಬಂದೆ. ಅದಕ್ಕೂ ರೋಗ ಇರುತ್ತೆ. ತಂಗಿ ಎಲ್ಲಿದ್ದಾಳೆ?"

"ಇಲ್ಲೇ, ಅಡುಗೆಮನೇಲಿ. ಅದು ಬೆಳಗ್ಗೆಯಿಂದ ಮೇವು ಮುಟ್ಟಿಲ್ಲ ಅಂತ ಪಕ್ಕದಲ್ಲೇ ಕೂತು ಬೆನ್ನು ಸವರ್ತಾ ಇದ್ದಾಳೆ... ಜೋಡಮ್ಮ, ಏನು ಹೇಳ್ತಾ ಇದ್ದೀರಿ ನೀವು? ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ನನಗೆ ಆಮೇಲೆ ಬೈಯುವೆಯಂತೆ. ಮೊದಲು ಅವಳನ್ನ ಅಲ್ಲಿಂದ ಎಬ್ಬಿಸು."